ಖಾಲಿ ಜಾಗದ ಭಾರ

ಡಿಸೆಂಬರಿನಲ್ಲಿ ಈ ಊರಿನ ಸೂರ್ಯ ಮೂರೂವರೆ ದಾಟುತ್ತಲೇ ಮುಳುಗಿಬಿಡುತ್ತಾನೆ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನನಿಗೆ ಇದು ಖಗೋಳಶಾಸ್ತ್ರವಲ್ಲ, ಊಟದ ಪ್ರಶ್ನೆ. ಚಿಕ್ಕೋಡಿಯಲ್ಲಿ ಸಂಜೆ ಆರಕ್ಕೆ ಉಂಡು ಕೈತೊಳೆಯುತ್ತಿದ್ದವನು, ಇಲ್ಲಿ ಸ್ಕಾಟ್ಲೆಂಡಿನಲ್ಲಿ ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಉಂಡು, ಹದಿನೇಳು ತಾಸಿನ ಕತ್ತಲೆಯನ್ನು ಗಂಭೀರವಾಗಿ ಎದುರಿಸುತ್ತೇನೆ. ಬಾಡಿಗೆ ಮನೆಯ ಒಡತಿ ಇದನ್ನೊಂದು ಕಾಯಿಲೆಯೆಂದು ನಂಬಿ ಮೆತ್ತಗೆ ಮಾತಾಡುತ್ತಾಳೆ.

ಊರಿನ ಕಾಲೇಜಿನಲ್ಲಿ ಪಾಠಕ್ಕೆ ರಜೆ ಹಾಕಿ ಬಂದ ಕೆಲಸವೂ ಕತ್ತಲೆಯದೇ. ಗೆಲಾಕ್ಸಿಗಳ ಗೊಂಚಲಿನ ಭಾರ ಹಿಂದಿನಿಂದ ಬರುವ ಬೆಳಕನ್ನು ಬಗ್ಗಿಸುತ್ತದೆ. ಆಚೆಗಿನ ಮಸುಕು ಗೆಲಾಕ್ಸಿಗಳು ಅದರ ಸುತ್ತ ಬಳೆಯ ಗುಂಟ ತುಸು ಹಿಗ್ಗಿದಂತೆ ಕಾಣುತ್ತವೆ. ಒಂದನ್ನು ನೋಡಿದರೆ ಏನೂ ತಿಳಿಯದು. ಸಾವಿರಾರನ್ನು ಅಳೆದು ಸರಾಸರಿ ತೆಗೆದರೆ ಭಾರ ಎಲ್ಲಿದೆಯೆಂದು ನಕ್ಷೆ ಬರೆಯಬಹುದು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಮಂದಿ ಸುತ್ತುಗಟ್ಟಿ ನಿಂತರೆ, ಅವರ ಬೆನ್ನು ನೋಡಿಯೇ ನಡುವೆ ಏನೋ ಬಿದ್ದಿದೆಯೆಂದು ತಿಳಿಯುವುದಿಲ್ಲವೆ, ಹಾಗೆ.

ನನ್ನ ನಕ್ಷೆಯಲ್ಲೊಂದು ಕಡೆ ಭಾರದ ದೊಡ್ಡ ಗಂಟು ಕಂಡಿತು. ಫೋಟೋದಲ್ಲಿ ಆ ಜಾಗ ಖಾಲಿ. ಗೊಂಚಲಿಲ್ಲ, ಏನೂ ಇಲ್ಲ. ಸುತ್ತಲಿನವು ಮಾತ್ರ ಯಾವುದನ್ನೋ ಸುತ್ತುವರಿದು ನಿಂತಿವೆ. ಕಾಣದ್ದೇನೋ ಹಿಂದೆ ಬಂದು ನಿಂತೀತೆಂದು ಆ ವಾರ ನಾನು ಬಾಗಿಲಿಗೆ ಬೆನ್ನು ಹಾಕಿ ಕೂರಲಿಲ್ಲ.

ಇದಕ್ಕೊಂದು ಪರೀಕ್ಷೆಯಿದೆ. ಪ್ರತಿ ಆಕಾರವನ್ನೂ ಕಂಪ್ಯೂಟರಿನಲ್ಲಿ ನಲವತ್ತೈದು ಡಿಗ್ರಿ ತಿರುಗಿಸಿ ಮತ್ತೆ ನಕ್ಷೆ ತೆಗೆಯಬೇಕು. ನಿಜವಾದ ಭಾರ ಮೂಡಿಸಿದ ಬಳೆ ಹಾಗೆ ತಿರುಗಿಸಿದರೆ ಮುರಿದುಹೋಗುತ್ತದೆ; ಹಾಗಾಗಿ ಗಂಟು ಉಳಿದರೆ ಅದು ದುರ್ಬೀನಿನ ಮೋಸ, ಮಾಯವಾದರೆ ನಿಜ. ನಿಜವಾದರೆ ಇನ್ನೆರಡು ವರ್ಷ ಕೆಲಸ, ಮೋಸವಾದರೆ ಮಾರ್ಚಿಗೆ ಊರು ಎಂದು ಪ್ರೊಫೆಸರರು ತೀರ್ಪಿತ್ತರು.

ಭಾನುವಾರ ಹೆಂಡತಿ ಪದ್ಮಾ ಊರಿನ ಎಸ್‌ಟಿಡಿ ಬೂತಿನಲ್ಲಿ ನನ್ನ ಫೋನಿಗೆ ಕಾದಿದ್ದಳು.

“ನೀವ್ ಬರ್ತೀರೋ, ನಾವ್ ಬರೂದೋ? ಹುಡುಗಿ ಹೆಸರು ಸಾಲ್ಯಾಗ ಹಚ್ಚೂದೈತಿ.”

“ಒಂದ್ ಗಂಟ್ ಐತಿ. ಅದು ಖರೇನೋ ಸುಳ್ಳೋ ನೋಡಿ ಹೇಳ್ತೀನಿ.”

“ಕಾಣಸ್ತೈತೇನ್ರಿ ಅದು?”

“ಇಲ್ಲ.”

“ಶಾಬಾಸ್! ಕಾಣಲಾರದ ಗಂಟಿನ ಸಲುವಾಗಿ ಮಗಳನ್ನ ಕಾಯಸಾಕತ್ತೀರಿ. ದಿನಾ ಉಣ್ಣೂ ಮುಂದ ನಿಮ್ಮ ತಾಟ ಇಡ್ತಾಳ್ರಿ ಅಕಿ. ಬ್ಯಾಡಂದ್ರ ಕೇಳಂಗಿಲ್ಲ. ಅಲ್ಲಿ ಯಾರಿಗೂ ಕುಂಡ್ರಾಕ ಬಿಡಂಗಿಲ್ಲ.”

ಮರುದಿನ ಆಕಾರಗಳನ್ನು ತಿರುಗಿಸಿದೆ. ಗಂಟು ಮಾಯ. ಅಂದರೆ, ಅದು ಇದೆ. ಪ್ರೊಫೆಸರರು ಕೈಕುಲುಕಿದರು.

ಪದ್ಮಾಳಿಗೆ ಹೇಳಿದೆ. “ಹಂಗಾರ ನಾವ ಬರ್ತೇವಿ. ಸ್ವೆಟರ್ ಎಷ್ಟ್ ತರೂದ್ರಿ?” ಎಂದಳು.

ಗೆದ್ದೆ. ಮೇ ತಿಂಗಳಲ್ಲಿ ಚಿಕ್ಕೋಡಿಯ ಮನೆಗೆ ಬೀಗ ಬೀಳುತ್ತದೆ. ಇಲ್ಲಿ ಮೂವರೂ ಎದುರುಬದುರು ಕೂತು ಉಣ್ಣುತ್ತೇವೆ. ಅಲ್ಲಿ ಖಾಲಿ ತಾಟಿನ ಸುತ್ತ ಕೂತು, ನಾನಿಲ್ಲವೆಂದು ತಿಳಿಯಲು ಇನ್ನು ಯಾರೂ ಇರುವುದಿಲ್ಲ.