ತೊಗರಿ ಕೊಯ್ಯಲು ಬಂದವರು

ನಮ್ಮ ಹೊಲ ಹಿರೋಳ್ಳಿಯ ಹತ್ತಿರ. ಊರಿನ ದುಡಿಯುವ ಮಂದಿಯೆಲ್ಲ ಪುಣೆ, ಮುಂಬೈ ಹಿಡಿದಿರುವುದರಿಂದ ತೊಗರಿ ಕೊಯ್ಯಲು ಆಳು ಸಿಗುವುದಿಲ್ಲ. ಒಂದು ವರ್ಷ ಅಫಜಲಪುರದ ಕಡೆ ಕಬ್ಬು ಕಡಿಯುವುದನ್ನು ಬಿಟ್ಟು ಬಂದ ಗಂಡ-ಹೆಂಡತಿ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದರು. ನನ್ನ ಗಂಡ ಅವರನ್ನು ಕರೆತಂದು ಹೊಲದ ಮೋಟಾರಿನ ಕೋಣೆಯಲ್ಲಿ ಇರಿಸಿದರು.

ಇಬ್ಬರ ಮಾತೂ ನಮಗೆ ತಿಳಿಯುತ್ತಿರಲಿಲ್ಲ. ಹೆಂಡತಿ ಇನ್ನೂ ಹುಡುಗಿ; ಅವಳಿಗೆ ತುಸು ಹಿಂದಿ ಬರುತ್ತಿತ್ತು, ನನ್ನನ್ನು ದೀದಿ ಎನ್ನುತ್ತಿದ್ದಳು. ಪಕ್ಕದ ಹೊಲದ ಮುದುಕಿಯನ್ನು ನಾವೆಲ್ಲ ಖಾಲಾ ಎನ್ನುತ್ತೇವೆ. ಅವಳು ಒಂದು ಮಧ್ಯಾಹ್ನ ಹುಡುಗಿಯ ಜೊತೆ ಉರ್ದುವಿನಲ್ಲಿ ಮಾತಾಡಿ ಬಂದಳು.

"ಬಂಗಾಲದ ಕಡಿ ಮಂದಿ ಅಂತ. ಯಾವ ಬಂಗಾಲ, ಗಡಿ ಈ ಕಡೀದೋ ಆ ಕಡೀದೋ, ನಾ ಕೇಳಿಲ್ಲ. ನೀನೂ ಕೇಳಬ್ಯಾಡ ಬೇ."

ನಾನು ಕೇಳಲಿಲ್ಲ. ನನ್ನ ಗಂಡ ಕೇಳಿದರು. ಆಧಾರ್ ಕಾರ್ಡು ಅಣ್ಣನ ಹತ್ತಿರ ಇದೆ ಎಂದ ಆ ಮನುಷ್ಯ. ಮತ್ತೊಮ್ಮೆ ಕೇಳಿದರೆ ರೈಲಿನಲ್ಲಿ ಕಳೆಯಿತು ಎಂದ. ಅಂದಿನಿಂದ ನನ್ನ ಗಂಡ ಊಟಕ್ಕೆ ಕೂತರೂ ಕಿವಿ ರಸ್ತೆಯ ಕಡೆಗೇ.

"ಕಳಸಿಬಿಡೂಣು," ಎನ್ನುತ್ತಿದ್ದರು.

"ಕಾಯಿ ಸಿಡ್ಯಾಕತ್ತಾವ. ಕೊಯ್ಯಾವ್ರು ಯಾರು?" ಎನ್ನುತ್ತಿದ್ದೆ.



ಒಂದು ಶನಿವಾರ ಪೊಲೀಸರೊಬ್ಬರು ಬೈಕಿನಲ್ಲಿ ಮನೆಗೆ ಬಂದರು. ಚಹಾ ಕುಡಿದು, "ಹೊರಗಿನವ್ರನ್ನ ಇಟ್ಕೊಂಡೀರಂತಲ್ರಿ," ಎಂದರು. ನನ್ನ ಗಂಡ ಖಾಲಿ ಕಪ್ಪು ಎತ್ತಿಕೊಂಡರು. ಅತ್ತೆಯೇ ಒಳಗಿನಿಂದ, "ಹೌದ್ರಿ, ಅದಾರ. ಹೊಲ ಯಾರ್ ಕೊಯ್ಬೇಕು? ನೀವು ಬರ್ತೀರೇನು?" ಎಂದರು. ಪೊಲೀಸರು ನಕ್ಕರು. ಆದರೆ ಎದ್ದು ಹೋಗುವಾಗ, "ಸೋಮವಾರ ಇಬ್ರನ್ನೂ ಠಾಣೆಗೆ ಕರ್ಕೊಂಡ್ ಬರ್ರಿ, ಕಾಗದ ಸಮೇತ," ಎಂದರು.

ಮರುದಿನ ರೊಟ್ಟಿ ಕೊಡಲು ಹೋದಾಗ ಹುಡುಗಿಗೆ ಅದನ್ನು ಹೇಳಿದೆ. ಅವಳು ಕುಡುಗೋಲು ಕೆಳಗಿಟ್ಟು, ನೀವೇನು ಹೇಳ್ತೀರಿ ದೀದಿ ಎಂದು ಕೇಳಿದಳು. ರೊಟ್ಟಿಯ ಗಂಟು ಬಿಚ್ಚಿ ಕೊಟ್ಟೆ. ಸಂಜೆ ನನ್ನ ಗಂಡ ಅವರ ಕೂಲಿ ಚುಕ್ತಾ ಮಾಡಿದರು. ಬೆಳಗಾಗುವಷ್ಟರಲ್ಲಿ ಮೋಟಾರಿನ ಕೋಣೆ ಖಾಲಿ. ಒಲೆಯ ಬೂದಿಯನ್ನೂ ಬಳಿದು ಹೋಗಿದ್ದರು.

ಠಾಣೆಗೆ ಹೋಗಿ ಬಂದ ನನ್ನ ಗಂಡ, "ಹೋದದ್ದು ಚಲೋ ಆತು ಅಂದ್ರು," ಎಂದು ಹೇಳಿ ಕುಡುಗೋಲು ತೆಗೆದುಕೊಂಡರು. ಅರ್ಧ ಹೊಲ ಹಾಗೇ ನಿಂತಿತ್ತು. ನಾವಿಬ್ಬರು, ಖಾಲಾ, ಸೊಂಟನೋವಿನ ಅತ್ತೆ, ಎಲ್ಲರೂ ಇಳಿದೆವು. ಮುಟ್ಟಿದರೆ ಕಾಳು ಉದುರುತ್ತಿತ್ತು. ರಾಶಿ ಮುಗಿಯುವ ಹೊತ್ತಿಗೆ ಎಷ್ಟೋ ನೆಲದ ಪಾಲಾಗಿತ್ತು.

ಆಮೇಲೆ ಒಮ್ಮೆ ಗೊತ್ತಿಲ್ಲದ ನಂಬರಿನಿಂದ ಹುಡುಗಿ ಫೋನು ಮಾಡಿದಳು. ತೊಗರಿ ಮುಗಿಯಿತೇ ಎಂದು ಕೇಳಿದಳು. ತಾವು ಜೇವರ್ಗಿ ಕಡೆ ಹತ್ತಿ ಬಿಡಿಸುತ್ತಿದ್ದೇವೆ ಎಂದಳು. ಊರಿನ ಹೆಸರು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ನೆಂಟರ ಮದುವೆಗೆಂದು ಜೇವರ್ಗಿಗೆ ಹೋದಾಗ ಬಸ್ಸಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಹತ್ತಿ ಹೊಲ ಕಂಡಲ್ಲೆಲ್ಲ ಕಿಟಕಿಗೆ ಬಾಗುತ್ತಿದ್ದೆ. ಆ ನಂಬರು ಬಂದ್ ಆಗಿತ್ತು.

ಈಗ ಕೆಲಸ ಕೇಳಿ ಬಂದವರಿಗೆ ನನ್ನ ಗಂಡ ಮೊದಲು ಕಾರ್ಡು ತೋರಿಸಲು ಹೇಳುತ್ತಾರೆ. ಕೆಲವರು ತಿರುಗಿ ಹೋಗುತ್ತಾರೆ. ಅವರು ಬಸ್ಸು ಹತ್ತುವ ತನಕ ನಾನು ಅಂಗಳದಲ್ಲೇ ನಿಂತಿರುತ್ತೇನೆ. ಅತ್ತೆ ಒಳಗಿನಿಂದ ಕರೆಯುತ್ತಲೇ ಇರುತ್ತಾರೆ.