ಕಾಂತರಾಜು ಬರೆದ ಮದುವೆ ಗೋಡೆ

ನಮ್ಮ ಹೆಮ್ಮಿಗೆಯಲ್ಲಿ ಮದುವೆ ಗೊತ್ತಾದ ಮನೆಯವರು ಮೊದಲು ಹೇಳಿಕಳಿಸುವುದು ಪೇಂಟರ್ ಕಾಂತರಾಜುವಿಗೇ. ಮುಂದಿನ ಗೋಡೆಗೆ ಸುಣ್ಣ ಬಳಿದು, ಎರಡು ಕಡೆ ಬಾಳೆಗಿಡ, ಆನೆ, ದ್ವಾರಪಾಲಕರು, ನಡುವೆ ಹೆಣ್ಣುಗಂಡಿನ ಹೆಸರು ಬರೆಯಬೇಕು. ಆ ಹೆಸರನ್ನು ಆಮೇಲೆ ಯಾರೂ ಅಳಿಸುವುದಿಲ್ಲ. ಮಳೆಗೆ, ಬಿಸಿಲಿಗೆ ತಾನಾಗಿಯೇ ಹೋಗಬೇಕು.

ನಾನು ಅವನ ಪಕ್ಕದ ಮನೆಯವಳು, ಅವನ ಕೆಲಸ ನೋಡಿ ನೋಡಿ ಸಾಕಾದವಳು. ಏನು ಶಿಸ್ತು ಅಂತೀರಿ! ಸೀಮೆಸುಣ್ಣ ಸವರಿದ ದಾರ ಹಿಡಿದು ಗೆರೆ ಹೊಡೆಯದೆ ಒಂದು ಚುಕ್ಕಿ ಇಡುವ ಆಸಾಮಿಯಲ್ಲ. ಯಾರ ಮನೆಯ ಗೋಡೆಯಾದರೂ ಅದೇ ಆನೆ, ಅದೇ ಸೊಂಡಿಲು.

ಅವನ ಒಬ್ಬಳೇ ಮಗಳು ಶಾಲಿನಿ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. "ಅಪ್ಪಾ, ನಿನ್ ಆನೆಗೊಳೆಲ್ಲಾ ಪೊಲೀಸ್ ಪರೇಡಿಗೆ ನಿಂತಂಗವೆ ಕಣಪ್ಪ. ಒಂದ್ಸಲ ಕೈ ಸಡ್ಲ ಬಿಟ್ಟು ಬರಿ." ಅವನು ನಗುತ್ತಿದ್ದ. ಕೈ ಮಾತ್ರ ಸಡಿಲವಾಗುತ್ತಿರಲಿಲ್ಲ.

ಅವಳಿಗೆ ಹೆಮ್ಮರಗಾಲದ ಹೇಮಂತ್ ಜೊತೆ ಮದುವೆ ಗೊತ್ತಾಯಿತು. ಊರವರ ಗೋಡೆಗೆಲ್ಲ ಮಳೆಗೆ ಕರಗುವ ಡಿಸ್ಟೆಂಪರ್ ಬಳಿಯುತ್ತಿದ್ದವನು ಮಗಳ ಗೋಡೆಗೆ ಆಯಿಲ್ ಪೇಂಟ್ ತಂದ. "ನನ್ ಮಗ್ಳ ಎಸ್ರು ಮಳೆಗ್ ಓಗ್ಬಾರ್ದು ಕಣಕ್ಕ" ಎಂದು ನನ್ನೆದುರು ಜಂಬ ಕೊಚ್ಚಿದ.

ವರ್ಷ ತುಂಬುವ ಮೊದಲೇ ಹೇಮಂತ್ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡ. ತಿಥಿ ಮುಗಿಸಿಕೊಂಡು ಶಾಲಿನಿ ತವರಿಗೆ ಬಂದಳು. ಆಟೋ ಇಳಿದರೆ ಎದುರಿಗೇ ಕೆಂಪು ಅಕ್ಷರದಲ್ಲಿ 'ಶಾಲಿನಿ – ಹೇಮಂತ್', ನಿನ್ನೆ ಬರೆದ ಹಾಗೆ. ಹಾಳು ಆಯಿಲ್ ಪೇಂಟು! ಆ ಮಗು ಮಾತು ಬಿಟ್ಟಿತು. ಸಂಜೆಯಾದರೆ ಜಗಲಿಯ ಮೇಲೆ ಆ ಹೆಸರಿನ ಕೆಳಗೆ ಒರಗಿ ಕೂರುವುದೊಂದೇ ಅವಳ ಕೆಲಸವಾಯಿತು.

ತಾಯಿ ಮಂಗಳಗೌರಿಗೆ ನೋಡಲಾಗಲಿಲ್ಲ. "ಆ ಎಸ್ರು ದಿನಾ ಕಣ್ಣಿಗ್ ಬಿದ್ರೆ ನಮ್ಮುಡ್ಗಿ ಎಂಗ್ ಬದುಕಾಳು? ಅಳುಸ್ಬುಡಿ ಅದ್ನ!" ಎಂದು ಗಂಡನ ಮೇಲೆ ಹರಿಹಾಯ್ದಳು. ಊರೂ ಅದನ್ನೇ ಹೇಳಿತು. ಶಾಲಿನಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ತಾನಾಗಿ ಅಳಿಸಲು ಕಾಂತರಾಜುವಿಗೆ ಧೈರ್ಯ ಬರಲಿಲ್ಲ. ಒಂದು ಬೆಳಿಗ್ಗೆ, ಮಂಗಳಗೌರಿ ಹುಲ್ಲಿಗೆ ಹೋಗಿದ್ದಾಗ, ಬಣ್ಣದ ಡಬ್ಬ, ಬ್ರಷ್ಷು, ಬಣ್ಣ ಕರಗಿಸುವ ತಿನ್ನರಿನ ಸೀಸೆ ಎಲ್ಲವನ್ನೂ ಜಗಲಿಯ ಮೇಲೆ ತಂದಿಟ್ಟ. "ಅವ್ವಾ, ಗೋಡೆ ನಿಂದು. ನಿಂಗೆಂಗ್ ಬೇಕೋ ಅಂಗ್ ಬರ್ಕೊ. ನಾನ್ ದಾರ ಮುಟ್ಟಲ್ಲ."

ಶಾಲಿನಿ ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಆಮೇಲೆ ಎದ್ದು ಬ್ರಷ್ ಹಿಡಿದಳು. ದ್ವಾರಪಾಲಕನ ಗದೆ ಕಬ್ಬಿನ ಜಲ್ಲೆಯಾಯಿತು. ಆನೆಗಳು ಹೊಳೆಗಿಳಿದವು. ಮೀನಿಗೆ ಮೀಸೆ ಬಂತು. ಬಣ್ಣ ಸೋರಿದರೆ ಒರೆಸಲಿಲ್ಲ, ಸೋರಿದ್ದಕ್ಕೇ ಎಲೆ ಇಟ್ಟು ಬಳ್ಳಿ ಮಾಡಿದಳು. ನೋಡುತ್ತ ನಿಂತ ಅಪ್ಪನ ಕೈಗೆ ದಪ್ಪ ಬ್ರಷ್ ಕೊಟ್ಟಳು.

"ಬಾಪ್ಪ, ಗದ್ದೆ ಮಾಡು. ಅಳತೆ ಗಿಳತೆ ಬ್ಯಾಡ."

ಅವನ ಮೊದಲ ಗೆರೆ ನಡುಗಿತು. ಎರಡನೆಯದು ಸೊಟ್ಟಗಾಯಿತು. ಶಾಲಿನಿ ನಕ್ಕುಬಿಟ್ಟಳು. ಅಯ್ಯೋ, ಆ ನಗು! ನಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಾನು ಕಾಳು ಬಿಟ್ಟು ಸಿಪ್ಪೆಯನ್ನೇ ಮೊರಕ್ಕೆ ಹಾಕಿದೆ. ಮಗಳು ನಕ್ಕಳಲ್ಲ ಎಂದು ಕಾಂತರಾಜು ಹಿಗ್ಗಿಹೋದ. ಬ್ರಷ್ ಅದ್ದಿದ, ಎಳೆದ, ಅದ್ದಿದ, ಎಳೆದ. ಆ ಬಿಗಿ ಮನುಷ್ಯ ಭುಜ ಕುಣಿಸಿಕೊಂಡು ಹುಡುಗನ ಹಾಗೆ ಆಡುತ್ತಿದ್ದ. ಅಷ್ಟೊಂದು ಚೆಲ್ಲಾಟದಲ್ಲೂ ಆ ಎರಡು ಹೆಸರಿನ ಸುತ್ತ ಶಾಲಿನಿ ಒಂದು ಗೇಣು ಜಾಗ ಬಿಟ್ಟುಕೊಂಡೇ ಬಂದಿದ್ದಳು. ಅವನು ಅದನ್ನು ಗಮನಿಸಲಿಲ್ಲ. ಹಸಿರು ಬ್ರಷ್ಷು 'ಹೇಮಂತ್' ಮೇಲೆ ಹಾದುಹೋಯಿತು.

"ಅಪ್ಪಾ!"

ಕೈಗೆ ಸಿಕ್ಕ ಸೀಸೆಯನ್ನು ವೇಲಿನ ಮೇಲೆ ಸುರಿದುಕೊಂಡು ಅವಳು ಗೋಡೆ ಉಜ್ಜತೊಡಗಿದಳು.

"ತಿನ್ನರ್ ಬ್ಯಾಡ ಕಣವ್ವಾ! ಒಣಬಟ್ಟೆ ತಕೊ!" ಕಾಂತರಾಜು ಅವಳ ಕೈ ಹಿಡಿಯಲು ಓಡಿದ.

ಅಷ್ಟರಲ್ಲಿ ಮೇಲಿನ ಹಸಿರಿನ ಜೊತೆ ಕೆಳಗಿನ ಕೆಂಪೂ ಕರಗಿ ವೇಲಿಗೆ ಬಂದಿತ್ತು. ಗೋಡೆಯ ಮೇಲೆ 'ಶಾಲಿನಿ' ಎನ್ನುವುದೊಂದೇ ಉಳಿಯಿತು.

"ಬರ್ಕೊಡ್ತೀನಿ ಕಣವ್ವ. ಅದೇ ಜಾಗ, ಅದೇ ಅಕ್ಸರ. ಒಂದ್ ಕೂದ್ಲೆಳೆ ಎಚ್ಚುಕಮ್ಮಿ ಆಗಕ್ಕಿಲ್ಲ" ಎಂದು ಅವನು ತೊದಲಿದ.

"ಬ್ಯಾಡಪ್ಪ" ಎಂದಳು ಶಾಲಿನಿ. "ಅದು ಅವ್ರು ಇದ್ದಾಗ ಬರ್ದಿದ್ದು. ಈಗ ಬರುದ್ರೆ ಸತ್ತೋರ ಎಸ್ರು ಬರ್ದಂಗಾಯ್ತದೆ."

ಕಾಂತರಾಜು ಅಲ್ಲೇ ಕುಸಿದು ಗೊಳೋ ಎಂದು ಅತ್ತ. ನಾನು ಮೊರ ಬಿಟ್ಟು ಓಡಿದೆ. ಏನು ಮಾಡಬೇಕೆಂದು ತೋಚದೆ ಇಬ್ಬರ ನಡುವೆ ನಿಂತೆ.

ಅದೇ ಹೊತ್ತಿಗೆ ಮಂಗಳಗೌರಿ ಹುಲ್ಲಿನ ಹೊರೆ ಹೊತ್ತು ಬಂದಳು. ಅಪ್ಪ ಮಗಳು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡಳೋ ಏನೋ. ಗೋಡೆ ನೋಡಿ, ಹೊರೆ ಇಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡಳು.

"ಸದ್ಯ, ಓಯ್ತಲ್ಲ" ಎಂದಳು.