ಮಗ್ಗದ ಕೋಣೆಯ ತೇವ

ನಾನು ಬಾದಾಮಿಯವಳು. ನಮ್ಮೂರಿನಲ್ಲಿ ಬೆಳಿಗ್ಗೆ ಒಗೆದು ಹಾಕಿದ ಸೀರೆಯನ್ನು ಮಧ್ಯಾಹ್ನದ ಬಸ್ಸಿಗೆ ಉಟ್ಟುಕೊಂಡು ಹೋಗಬಹುದು, ಬಂಡೆಗಳು ಅಷ್ಟು ಬಿಸಿ ಕಾರುತ್ತವೆ. ಮದುವೆಯಾಗಿ ಇಳಕಲ್ಲಿನ ನೇಕಾರರ ಮನೆಗೆ ಬಂದ ಮೇಲೆಯೇ, ತೇವವನ್ನೂ ಕೂಸಿನಂತೆ ಸಾಕಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಇಸವಿ ಕೇಳಿದರೆ ಹೇಳಲಾರೆ. ಕಣ್ಣು ಮುಚ್ಚಿದರೆ ವಾಸನೆಗಳು ಮಾತ್ರ ಬರುತ್ತವೆ: ನೂಲಿಗೆ ಹಚ್ಚಿದ ಗಂಜಿಯ ಹುಳಿ, ನೀರು ಚಿಮುಕಿಸಿದ ಮಣ್ಣಿನ ನೆಲ, ಜಂತಿಯಿಂದ ತೂಗುತ್ತಿದ್ದ ಗಾಂಜಾ ಸೊಪ್ಪಿನ ಹಸಿರು ಘಾಟು.

ಹೌದು, ಗಾಂಜಾನೇ. ಈ ಮಾತು ಕೇಳಿದರೆ ಮೊಮ್ಮಕ್ಕಳು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತವೆ. ಇಟ್ಟುಕೊಳ್ಳಲಿ, ನನಗೇನು! ಆಗ ಅದರ ಬಗ್ಗೆ ಈಗಿನಷ್ಟು ಗದ್ದಲವಿರಲಿಲ್ಲ. ಮಾವ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಎರಡು ಗಿಡ ಬೆಳೆಸುತ್ತಿದ್ದರು. ದಿನವಿಡೀ ಮಗ್ಗದಲ್ಲಿ ಕೂತು, ಸಂಜೆ ಭಜನೆಗೆ ಹೊರಡುವ ಮುನ್ನ ಚಿಲುಮೆಯಲ್ಲಿ ಎರಡು ದಮ್ಮು ಎಳೆಯುತ್ತಿದ್ದರು, ಅಷ್ಟೇ. ಅತ್ತೆಗೆ ಮಾತ್ರ ಆ ಗಿಡಗಳನ್ನು ಕಂಡರಾಗುತ್ತಿರಲಿಲ್ಲ. "ಒಂದು ಬಸಳಿ ಬಳ್ಳಿ ಹಚ್ಚರೀ ಅಂದ್ರ ಜಾಗಾ ಇಲ್ಲ. ಈ ಸುಡಗಾಡ ಗಿಡಕ್ಕಾದ್ರ ರಾಣಿ ಉಪಚಾರ!" ಎಂದು ಹಿತ್ತಲ ಬಾಗಿಲನ್ನು ದಡಾರನೆ ಹಾಕುತ್ತಿದ್ದರು. ಮಾವ ನಗುತ್ತಿದ್ದರು.

ಆ ವರ್ಷ ಮಾವನಿಗೆ ಹೊಟ್ಟೆಯ ಬೇನೆ ಶುರುವಾಯಿತು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ನನ್ನ ಗಂಡನನ್ನು ಹೊರಗೆ ಕರೆದು, "ಇನ್ನ ಕೊಯ್ಯೂದು ಮಾಡೂದು ಬ್ಯಾಡ. ಎಷ್ಟು ದಿನ ಉಣ್ತಾರೋ ಅಷ್ಟು ದಿನ ಇರ್ತಾರ" ಎಂದರಂತೆ. ಉಣ್ಣುವುದೇ ಕಷ್ಟವಾಗಿತ್ತು. ರೊಟ್ಟಿ ತಟ್ಟುವ ಸಪ್ಪಳ ಕೇಳಿದರೆ ಮಾವ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಸಂಜೆಯ ಆ ಎರಡು ದಮ್ಮು ಎಳೆದ ಮೇಲೆ ಮಾತ್ರ ಸ್ವಲ್ಪ ಹಸಿವು ಬರುತ್ತಿತ್ತು, ಅರ್ಧ ರೊಟ್ಟಿ ಇಳಿಯುತ್ತಿತ್ತು. ಹೋದ ವರ್ಷದ ಸೊಪ್ಪು ಮುಗಿಯುತ್ತ ಬಂದಿತ್ತು. ಅತ್ತೆ ಬೈಯುವುದನ್ನು ನಿಲ್ಲಿಸಿದ ದಿನ ನನಗೆ ನಿಜವಾಗಿಯೂ ಭಯವಾಯಿತು.

ದೀಪಾವಳಿ ಮುಗಿದ ಮೇಲೆ ಎರಡೂ ಗಿಡ ಕೊಯ್ದೆವು. ಮಾವನಿಗೆ ಕೈ ಎತ್ತಲು ತ್ರಾಣವಿರಲಿಲ್ಲವಾದ್ದರಿಂದ ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅಂಗಳದ ಬಿಸಿಲಿಗೆ ಹಾಕಲು ಹೊರಟರೆ ಮಾವ ಮಲಗಿದಲ್ಲಿಂದಲೇ ಕೂಗಿದರು. "ಬಾದಾಮಿ ಬುದ್ಧಿ ಇಲ್ಲಿ ತರಬ್ಯಾಡ ಯವ್ವಾ! ಈ ಥಂಡಿ ಗಾಳಿಗೆ ಎರಡ ದಿನದಾಗ ಪುಡಿ ಆಗಿ ಹೊಕ್ಕೈತಿ. ಗಂಟಲಾ ಸುಡತೈತಿ, ಕೆಮ್ಮು ಬರತೈತಿ. ಕೆಮ್ಮಕೋತ ಯಾವ ಮಗ ರೊಟ್ಟಿ ತಿಂತಾನ?" ಹಾಗಾಗಿ ಕೊಂಬೆಗಳನ್ನು ತಲೆಕೆಳಗಾಗಿ ಮಗ್ಗದ ಕೋಣೆಯ ಜಂತಿಗೆ ಕಟ್ಟಿದೆ.

ಆ ಕೋಣೆ! ಈಗಲೂ ಕನಸಿನಲ್ಲಿ ನಾನು ಅಲ್ಲಿಗೇ ಹೋಗುತ್ತೇನೆ. ನೆಲದಲ್ಲಿ ಕುಣಿ ತೋಡಿ ಹಾಕಿದ ಮಗ್ಗ, ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ನನ್ನ ಗಂಡ, ಪಕ್ಕದಲ್ಲಿ ಮಾವನ ಹೊರಸು. ಚಳಿಗಾಲದ ಒಣ ಗಾಳಿಗೆ, ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳು ಹರಿಯುತ್ತವೆಂದು ದಿನಾ ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಿ, ಗೋಡೆಗುಂಟ ಒದ್ದೆ ಗೋಣಿತಟ್ಟು ಹಾಸುತ್ತಿದ್ದೆವು. ನೂಲಿಗೆಂದು ಸಾಕಿದ ಆ ತೇವವೇ ಸೊಪ್ಪನ್ನೂ ನಿಧಾನಕ್ಕೆ ಒಣಗಿಸುತ್ತಿತ್ತು. ಬೆಳಕಿಂಡಿಯಿಂದ ಬಿಸಿಲು ಇಳಿದರೆ ಎಲೆಗಳ ನೆರಳು ನೀಲಿ ಹಾಸಿನ ಮೇಲೆ ಅಲ್ಲಾಡುತ್ತಿತ್ತು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಮಾವ ಅರೆಗಣ್ಣು ಮುಚ್ಚಿ ಏನೋ ಗುನುಗುತ್ತಿದ್ದರು. ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಸುತ್ತುತ್ತ ಹಾಗೇ ತೂಕಡಿಸಿಬಿಡುತ್ತಿದ್ದೆ. ಎಚ್ಚರವಾದಾಗ ಬಿಸಿಲು ಗೋಡೆ ಏರಿರುತ್ತಿತ್ತು. ಮನೆಯಲ್ಲಿ ಸಾವು ಕಾಯುತ್ತಿದ್ದ ಹೊತ್ತಿನಲ್ಲಿ ನಾನು ಅಷ್ಟು ಸುಖವಾಗಿದ್ದೆ ಎಂದರೆ ಯಾರು ನಂಬುತ್ತಾರೆ?

ಕಡ್ಡಿ ಬಾಗದೆ ಲಟ್ಟನೆ ಮುರಿದ ದಿನ ಸೊಪ್ಪನ್ನು ಭರಣಿಗೆ ತುಂಬಿದೆ. ಅದು ಅತ್ತೆಯ ಉಪ್ಪಿನಕಾಯಿ ಭರಣಿ, ಬಿಸಿ ನೀರಿನಲ್ಲಿ ತೊಳೆದು ಒಣಗಿಸಿದ್ದು. ಅವರೇ ತಂದು ನನ್ನ ಮುಂದೆ ಇಟ್ಟು ಹೋದರು. ತೇವ ನೋಡಲೆಂದು ಮಾವ ಒಂದು ಗೇಣು ಕಚ್ಚಾ ರೇಷ್ಮೆ ಎಳೆಯನ್ನು ಸೊಪ್ಪಿನ ನಡುವೆ ಇಡಿಸಿದರು. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಒಳಗಿನ ಬೆವರು ಆರಿಸುವಾಗ ಆ ಎಳೆಯನ್ನು ಅವರ ಬೆರಳಿಗೆ ಕೊಡಬೇಕು. ಎಳೆ ಬಿರುಸಾಗಿದ್ದರೆ, ತೇವ ಸಾಲದೆಂದು ಒಂದು ಹಸಿ ವೀಳ್ಯದೆಲೆಯನ್ನು ಸ್ವಲ್ಪ ಹೊತ್ತು ಭರಣಿಯೊಳಗೆ ಇಟ್ಟು ತೆಗೆಯುವುದು; ಬೆರಳಿಗೆ ಅಂಟಿದರೆ ಮುಚ್ಚಳ ಇನ್ನಷ್ಟು ಹೊತ್ತು ತೆಗೆದಿಡುವುದು. ನೇಕಾರನ ಬೆರಳಿಗೆ ಬೇರೆ ಯಂತ್ರ ಬೇಕಿರಲಿಲ್ಲ.

ಇನ್ನೇನು ಹದಕ್ಕೆ ಬಂತು ಎನ್ನುವಾಗ ಮೋಡ ಕವಿಯಿತು. ಎಲ್ಲೋ ಸಮುದ್ರದಲ್ಲಿ ಗಾಳಿ ಎದ್ದಿದೆಯಂತೆ ಎಂದರು ಊರಿನವರು. ಎದ್ದರೆ ಅಲ್ಲೇ ಇರಬಾರದೇ, ಇಳಕಲ್ಲಿನಲ್ಲಿ ಅದಕ್ಕೇನು ಕೆಲಸ! ಜಿಟಿಜಿಟಿ ಮಳೆ ಹಿಡಿದು ಬಿಡಲೇ ಇಲ್ಲ. ಗೋಡೆ ಬೆವರಿತು, ಹಾಸಿಗೆ ತಣ್ಣಗಾಯಿತು, ಉಪ್ಪು ನೀರಾಯಿತು. ಒಂದು ಬೆಳಿಗ್ಗೆ ಎಳೆ ಮಾವನ ಬೆರಳಿಗೆ ಅಂಟಿಕೊಂಡಿತು. ಅವರು ಭರಣಿಗೆ ಮೂಗು ಹಚ್ಚಿ, "ಬೂಷ್ಟು ಹಿಡಿಲಿಕ್ಕತ್ತೈತಿ" ಎಂದು ಮೆಲ್ಲಗೆ ಹೇಳಿ ಮತ್ತೆ ಮಲಗಿದರು. ಹಳೆಯ ಸೊಪ್ಪು ಪೂರ್ತಿ ಮುಗಿದಿತ್ತು. ಹಿಂದಿನ ದಿನ ಅವರು ಮಜ್ಜಿಗೆ ಬಿಟ್ಟು ಏನೂ ಮುಟ್ಟಿರಲಿಲ್ಲ.

ಸೊಪ್ಪನ್ನು ಬಟ್ಟೆಯ ಮೇಲೆ ಹರವಿ ಕೂತೆ. ಬಿಸಿಲಿಲ್ಲ. ಅಡುಗೆಮನೆಯಲ್ಲಿ ಹಸಿ ಕಟ್ಟಿಗೆಯ ಹೊಗೆ. ಇದ್ದ ಒಂದೇ ದಾರಿ, ಮಗ್ಗದ ಕೋಣೆಯನ್ನು ಮುಚ್ಚಿ ಒಳಗೆ ಕೆಂಡ ಇಡುವುದು. ಆದರೆ ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಇತ್ತು, ಸೆರಗಿನ ರೇಷ್ಮೆ ಈಗಷ್ಟೇ ಶುರುವಾಗಿತ್ತು. ಕೆಂಡದ ಕಾವಿಗೆ ಹಾಸು ಒಣಗಿದರೆ ಎಳೆಗಳು ಸಾಲುಗಟ್ಟಿ ಹರಿಯುತ್ತವೆ. ಗಂಡನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರಿಗೂ ಗೊತ್ತಿತ್ತು, ತಲೆ ಎತ್ತದೆ ಲಾಳಿ ಎಸೆಯುತ್ತಿದ್ದರು. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ತಿಳಿಯದೆ ಅಳುವೂ ಬಂತು.

ಆಗ ಅತ್ತೆ ಒಳಗೆ ಬಂದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಇದ್ದಿಲ ಕೆಂಡದ ಬಟ್ಟಲು. ಮಗ್ಗದ ಮಗ್ಗುಲಿಗೇ ಅದನ್ನು ಕುಕ್ಕಿ, ಬೆಳಕಿಂಡಿಗೆ ಗೋಣಿ ತುರುಕಿದರು.

"ಯವ್ವಾ, ಹಾಸು!" ಎಂದರು ನನ್ನ ಗಂಡ.

"ಎಳಿ ಹರದ್ರ ಗಂಟು ಹಾಕಾಕ ಬರತೈತಲೇ. ನಿಮ್ಮಪ್ಪ ಹರದ್ರ?"

ಗಂಡ ಲಾಳಿ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಮೊದಲ ಎಳೆ ಟಪ್ ಎಂದಿತು, ಹಿಂದೆಯೇ ಇನ್ನೊಂದು. ಆ ದಿನವೆಲ್ಲ ಅವರು ಕಣ್ಣು ಕಿರಿದು ಮಾಡಿ ಗಂಟು ಹಾಕುತ್ತಲೇ ಇದ್ದರು. ಸುಡುಗಾಡ ಗಿಡವೆಂದು ಎಲೆ ಮುಟ್ಟದಿದ್ದ ಅತ್ತೆ ಪಕ್ಕದಲ್ಲಿ ಕೂತು, ಬೂಷ್ಟು ಹಿಡಿದ ತುಣುಕುಗಳನ್ನು ಆರಿಸಿ ಎಸೆದು, ಉಳಿದದ್ದನ್ನು ಕೈಯಾರೆ ತಿರುವಿ ತಿರುವಿ ಹಾಕಿದರು. ಮುಚ್ಚಿದ ಕೋಣೆಯ ಕೆಂಪು ಕತ್ತಲೆಯಲ್ಲಿ ಬೆವರು, ರೇಷ್ಮೆ, ಸೊಪ್ಪು ಎಲ್ಲ ಒಂದೇ ವಾಸನೆಯಾಗಿತ್ತು. ನನಗೆ ತಲೆ ತಿರುಗಿತು.

ಸಂಜೆ ಚಿಲುಮೆ ತುಂಬಿ ಕೊಟ್ಟೆ. ನಾವು ಮೂವರೂ ಕೆಲಸದಲ್ಲಿದ್ದಂತೆ ನಟಿಸಿದೆವು: ಅತ್ತೆಯ ಮುಂದೆ ಜೋಳದ ಮೊರ, ನನ್ನ ಕೈಯಲ್ಲಿ ಕಂಡಿಕೆ, ಗಂಡನ ಕೈಯಲ್ಲಿ ಅದೇ ಗಂಟು. ಮಾವ ಒಂದು ದಮ್ಮು ಎಳೆದರು. ಕಣ್ಣು ಮುಚ್ಚಿದರು. ಇನ್ನೊಂದು ಎಳೆದರು. ಆಮೇಲೆ ಕಣ್ಣು ತೆರೆದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ರೊಟ್ಟಿ ಐತೇನು?" ಎಂದರು.

ಅತ್ತೆ ಎದ್ದ ರಭಸಕ್ಕೆ ಮೊರದ ಜೋಳ ಚೆಲ್ಲಿತು. ಅರ್ಧ ರೊಟ್ಟಿ, ಬದನೆಕಾಯಿ ಪಲ್ಯೆ. ಮಾವ ನಿಧಾನಕ್ಕೆ ತಿಂದರು, ಉಳಿದ ಅರ್ಧವನ್ನೂ ಕೇಳಿ ಹಾಕಿಸಿಕೊಂಡರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನಗೇ ಗದರಿದರು: "ನಿಂತು ಏನ ನೋಡ್ತೀ? ಮೊಸರ ತಾ!" ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಅಂದಿನಿಂದ ದಿನಾ ಸಂಜೆ ಹಾಗೆಯೇ ನಡೆಯಿತು. ಮಳೆ ಹೋಗಿ ಮತ್ತೆ ಒಣ ಗಾಳಿ ಬಂತು. ಒಂದು ಮಧ್ಯಾಹ್ನ ಅತ್ತೆ ಸಂತೆಗೆ, ಗಂಡ ಬಣ್ಣದ ಅಂಗಡಿಗೆ ಹೋಗಿದ್ದಾಗ ನಾನು ಭರಣಿಯ ಮುಚ್ಚಳ ತೆಗೆಯುತ್ತ ಹೆಮ್ಮೆಯಿಂದ ಕೇಳಿದೆ: "ನನ್ನ ಕೈಯಾಗ ಸೊಪ್ಪು ಹೆಂಗ ಆಗೇತ್ರೀ ಮಾವಾರ?"

ಮಾವನಿಗೆ ನಗು ತಡೆಯಲಾಗಲಿಲ್ಲ. "ಖರೆ ಹೇಳ್ಲ್ಯಾ? ಪೂರಾ ಕೆಟ್ಟೈತಿ. ಒಳಗ ಬೂಷ್ಟಿನ ವಾಸನಿ, ಮ್ಯಾಲ ಇದ್ದಲಿ ವಾಸನಿ. ದಮ್ಮು ಜಗ್ಗಿದಂಗ ಮಾಡಿ ಬಿಟ್ಟು ಬಿಡ್ತೇನಿ."

"ಮತ್ತ ಹಸಿವಿ?"

"ಹಸಿವಿ ಎಲ್ಲೀದು ಯವ್ವಾ. ಮೂರೂ ಮಂದಿ ನನ್ನ ಬಾಯಿ ನೋಡ್ಕೋತ ಕುಂತಿದ್ರಿ. ಉಣ್ಣದ ಏನ್ ಮಾಡ್ಲಿ?" ನಗು ನಿಂತ ಮೇಲೆ ಹೇಳಿದರು, "ಆಕಿ ಮುಂದ ಅನಬ್ಯಾಡ."

ಸಂಕ್ರಾಂತಿ ದಾಟಿ, ಹೊಲದಲ್ಲಿ ಬಿಳಿಜೋಳ ಕೊಯ್ಲಾಗುವ ತನಕ ಮಾವ ಹಸಿವಿಲ್ಲದೆ ಉಂಡರು. ಪ್ರತಿ ತುತ್ತೂ ಅವರಿಗೆಷ್ಟು ಭಾರವಾಗಿತ್ತೋ ಎಂದು ನೆನೆದರೆ ಇವತ್ತಿಗೂ ನನ್ನ ಕೈಯ ತುತ್ತನ್ನು ತಾಟಿಗೆ ಇಟ್ಟುಬಿಡುತ್ತೇನೆ. ಅವರು ಹೋದ ಮೇಲೆ ಎಷ್ಟೋ ವರ್ಷ ಅತ್ತೆ, ಮನೆಗೆ ಬಂದವರೆದುರೆಲ್ಲ ಅದೇ ಮಾತು ತೆಗೆಯುತ್ತಿದ್ದರು. "ನಾ ಅವತ್ತ ಕೆಂಡ ತಂದು ಇಟ್ಟೆ ನೋಡ್ರಿ, ಅದಕ್ಕ ಆ ಮನಷ್ಯಾ ಮತ್ತ ನಾಕು ದಿನ ಉಂಡ" ಎನ್ನುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಖರೆ ಹೌದಲ್ಲೇನಬೇ?" ಎಂದು ಕೇಳುತ್ತಿದ್ದರು.

"ಖರೇನ ಐತ್ರೀ ಅತ್ತಿ" ಎನ್ನುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.